ಕೊಳಗ ಯಾರ ಕೈಯಲ್ಲಿ? ಬ್ಯಾಂಕ್ ನೌಕರಿ ಮತ್ತು ಗುಪ್ತ ವರದಿ



ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಹಾಸ್ಟೆಲುಗಳಲ್ಲಿ ಕೂತು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಈ ಮಾತು. ಪ್ರಿಲಿಮ್ಸು, ಮೇನ್ಸು ಅಂತ ರಾತ್ರಿಯೆಲ್ಲಾ ಎಚ್ಚರ ಇರ್ತೀರಿ. ಆರ್ಡರ್ ಕೈಗೆ ಬಂದ ದಿನ ಕೇರಿಯಲ್ಲಿ ಸಕ್ಕರೆ ಹಂಚ್ತಾರೆ. 'ಮಗ ದಡ ಸೇರಿದ' ಅಂತ ಅವ್ವ ನಿಟ್ಟುಸಿರು ಬಿಡ್ತಾಳೆ. ಆದರೆ ಆವತ್ತಿನಿಂದ ಇನ್ನೊಂದು ಪರೀಕ್ಷೆ ಶುರುವಾಗುತ್ತದೆ. ಯಾವ ಕೋಚಿಂಗ್ ಸೆಂಟರಿನವರೂ ಅದನ್ನು ಹೇಳಿಕೊಡುವುದಿಲ್ಲ. ಅದಕ್ಕೆ ಹಾಲ್ ಟಿಕೆಟ್ ಇಲ್ಲ, ಗೈಡು ಇಲ್ಲ. ವರ್ಷಕ್ಕೊಂದು ಸಾರಿ ತಪ್ಪದೆ ನಡೆಯುತ್ತದೆ. ಹಿಂದೆ ಅದಕ್ಕೆ ಗುಪ್ತ ವರದಿ, ಸಿ.ಆರ್. ಅಂತಿದ್ದರು. ಈಗ ವಾರ್ಷಿಕ ಕಾರ್ಯನಿರ್ವಹಣಾ ವರದಿ, ಎ.ಪಿ.ಎ.ಆರ್. ಅಂತಾರೆ. ಹೆಸರು ಉದ್ದವಾಗಿದೆ. ಬರೆಯುವವನು ಮೇಲಿನವನು, ಬರೆಸಿಕೊಳ್ಳುವವನು ಕೆಳಗಿನವನು ಎಂಬುದು ಹಾಗೇ ಉಳಿದಿದೆ.

ಈ ವರದಿಯಿಂದ ನೌಕರನಿಗೆ ಏನಾಗುತ್ತದೆ? ಅವನು ಕೆಲಸದಲ್ಲಿ ಮನಸ್ಸಿಟ್ಟು ನಿಲ್ಲುತ್ತಾನೋ, ಬಿಟ್ಟು ಹೋಗುತ್ತಾನೋ? ಇದು ಬ್ಯಾಂಕಿನ ದೊಡ್ಡ ಸಾಹೇಬರು ಏಸಿ ರೂಮಿನಲ್ಲಿ ಮಾತಾಡಿಕೊಳ್ಳುವ ವಿಷಯ, ನಮಗ್ಯಾಕೆ ಅಂತ ನೀವು ಕೇಳಬಹುದು. ಹಾಗಲ್ಲ. ಇದು ನಮ್ಮ ವಿಷಯವೇ.

ನಮ್ಮ ಜಿಲ್ಲೆಗೆ ಅಳತೆಯ ಜಗಳ ಹೊಸದಲ್ಲ. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾತಕ್ಕೆ? ಧಣಿ ಗೇಣಿ ಭತ್ತ ಅಳೆಯುತ್ತಿದ್ದ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು ಎಂಬುದೇ ಆ ಜಗಳದ ಬೇರು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳೆಯೋದೇ ಬೇಡ ಅಂತ ಯಾವ ರೈತನೂ ಹೇಳಲಿಲ್ಲ. ಕೊಳಗ ಎಲ್ಲರ ಕಣ್ಣಿಗೆ ಕಾಣಲಿ, ಎಲ್ಲರಿಗೂ ಒಂದೇ ಇರಲಿ ಅಂದರು. ಬ್ಯಾಂಕಿನ ವರದಿಯ ಬಗ್ಗೆ ನಾನು ಹೇಳಬೇಕಾದದ್ದೂ ಅಷ್ಟೇ. ಬಾಕಿ ಎಲ್ಲಾ ಅದರ ವಿವರ.

'ಚೆನ್ನಾಗಿದೆ' ಅಂದರೆ ಕೆಟ್ಟದು!

ಬಹಳ ವರ್ಷ ಈ ದೇಶದಲ್ಲಿ ಒಂದು ಪದ್ಧತಿ ಇತ್ತು. ವರದಿಯಲ್ಲಿ ಕೆಟ್ಟದಾಗಿ ಬರೆದರೆ ಮಾತ್ರ ನೌಕರನಿಗೆ ತಿಳಿಸಬೇಕು. ಒಳ್ಳೆಯದು ಬರೆದರೆ ತಿಳಿಸಬೇಕಾಗಿಲ್ಲ. ಕೇಳಲಿಕ್ಕೆ ನ್ಯಾಯವಾಗೇ ಕಾಣುತ್ತದೆ. ಇದರೊಳಗಿನ ಮೋಸವನ್ನು ಹೊರಗೆ ತಂದವರು ದೇವ್ ದತ್ ಎಂಬ ಇಂಜಿನಿಯರು. ಗಡಿ ರಸ್ತೆ ಇಲಾಖೆಯಲ್ಲಿದ್ದವರು. 1993-94ರ ಸಾಲಿನ ವರದಿಯಲ್ಲಿ ಅವರಿಗೆ 'ಗುಡ್' ಅಂತ ಬರೆದಿದ್ದರು. ಬಡ್ತಿಗೆ ಬೇಕಾದದ್ದು ಐದು ವರ್ಷವೂ 'ವೆರಿ ಗುಡ್'. ಒಂದು ವರ್ಷದ 'ಗುಡ್' ಅವರ ಬಡ್ತಿಯನ್ನು ನುಂಗಿತು. ಕೆಟ್ಟದ್ದು ಬರೆದಿಲ್ಲವಲ್ಲ, ಅದಕ್ಕೆ ಅವರಿಗೆ ಹೇಳಿಯೇ ಇರಲಿಲ್ಲ. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ವರದಿಯ ಪ್ರತಿಯೊಂದು ಮಾತನ್ನೂ, ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರನಿಗೆ ತಿಳಿಸಬೇಕು, ಅವನಿಗೆ ಆಕ್ಷೇಪಣೆ ಹೇಳಲು ಅವಕಾಶ ಕೊಡಬೇಕು. ತೀರ್ಪು ಬರುವಷ್ಟರಲ್ಲಿ ದೇವ್ ದತ್ ನಿವೃತ್ತರಾಗಿದ್ದರು. 2013ರಲ್ಲಿ ಸುಖದೇವ್ ಸಿಂಗ್ ಮೊಕದ್ದಮೆಯಲ್ಲಿ ಮೂವರು ನ್ಯಾಯಾಧೀಶರ ಪೀಠ ಇದನ್ನೇ ಎತ್ತಿ ಹಿಡಿಯಿತು.

ಯೋಚನೆ ಮಾಡಿ. 'ಒಳ್ಳೆಯ ಹುಡುಗ' ಅಂತ ಬರೆದೇ ಒಬ್ಬನನ್ನು ಮುಗಿಸಬಹುದು. ಬೈಗುಳ ಇಲ್ಲ, ಜಾತಿ ಹೆಸರಿಲ್ಲ, ಸಾಕ್ಷಿ ಇಲ್ಲ. ಊರಲ್ಲಿ ಹೋಟೆಲಿನ ಬೇರೆ ಲೋಟ ಕಣ್ಣಿಗೆ ಕಾಣುತ್ತಿತ್ತು, ಕೈ ತೋರಿಸಿ ಕೇಳಬಹುದಿತ್ತು. ವರದಿಯಲ್ಲಿ ಒಂದು ಅಂಕ ಕಡಿಮೆ ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬರೆದವನ ಮನಸ್ಸಿನಲ್ಲಿ ಜಾತಿ ಇತ್ತೋ ಇಲ್ಲವೋ, ಅದನ್ನು ತೋರಿಸುವುದು ಹೇಗೆ? ಅದಕ್ಕೇ ಮನಸ್ಸನ್ನು ಹುಡುಕಲು ಹೋಗಬಾರದು. ಕೊಳಗವನ್ನೇ ಬೆಳಕಿಗೆ ತರಬೇಕು.

ಬ್ಯಾಂಕಿನದೇ ಒಂದು ಮೊಕದ್ದಮೆ ಇದೆ. ಸ್ಟೇಟ್ ಬ್ಯಾಂಕಿಗೂ ಕಾಶೀನಾಥ ಖೇರ್ ಎಂಬ ಅಧಿಕಾರಿಗೂ ನಡೆದದ್ದು, 1996ರದು. ಸುಪ್ರೀಂ ಕೋರ್ಟು ಅಲ್ಲಿ ಹೇಳಿದ್ದರ ತಿರುಳು ಇದು: ವರದಿ ಬರೆಯುವುದು ನೌಕರನು ತನ್ನ ಕೊರತೆ ತಿದ್ದಿಕೊಳ್ಳಲಿ, ಕೆಲಸ ಸುಧಾರಿಸಲಿ ಅಂತ, ಬರೆಯುವವನು ಮೇಲಿನ ದರ್ಜೆಯವನಾಗಿರಬೇಕು, ನಿಷ್ಪಕ್ಷಪಾತಿಯಾಗಿರಬೇಕು. ಅಂದರೆ ಇದು ತಿದ್ದುವ ಕೋಲು. ಹೊಡೆಯುವ ಕೋಲಾದಾಗ ತಕರಾರು ಹುಟ್ಟುತ್ತದೆ.

ನಮಗೇ ಯಾಕೆ ಜಾಸ್ತಿ ಬಿಸಿ?

ಸರ್ಕಾರಿ ಬ್ಯಾಂಕಿನಲ್ಲಿ ಗುಮಾಸ್ತನಿಂದ ಸ್ಕೇಲ್ 1 ಅಧಿಕಾರಿ ಆಗುವ ಮೆಟ್ಟಿಲಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಇದೆ. ಅಲ್ಲಿಂದ ಮೇಲಿನ ಮೆಟ್ಟಿಲುಗಳಲ್ಲಿ ಆಯ್ಕೆಯ ಮೇಲೆ ಬಡ್ತಿ, ಮೀಸಲಾತಿ ಇಲ್ಲ. ಸೆಂಟ್ರಲ್ ಬ್ಯಾಂಕಿನ ಪರಿಶಿಷ್ಟ ನೌಕರರ ಸಂಘ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಜನವರಿಯಲ್ಲಿ ಮೇಲಿನ ಸ್ಕೇಲುಗಳಿಗೂ ಸೌಲಭ್ಯ ಉಂಟು ಎಂಬಂತೆ ಹೇಳಿತು. ನಮ್ಮವರು ಸಂತೋಷಪಟ್ಟರು. 2016ರ ಜನವರಿಯಲ್ಲಿ ಅದೇ ಕೋರ್ಟು ಆ ಭಾಗವನ್ನು ಹಿಂದಕ್ಕೆ ತೆಗೆದುಕೊಂಡಿತು. ಹಾಗಾಗಿ ಮೇಲೆ ಹೋಗುವ ದಾರಿಯಲ್ಲಿ ಉಳಿದದ್ದು ಮುಖ್ಯವಾಗಿ ವರದಿಯ ಅಂಕ, ಸಂದರ್ಶನದ ಅಂಕ, ಕೆಲವು ಕಡೆ ಲಿಖಿತ ಪರೀಕ್ಷೆ. ಲೆಕ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದರೆ ಲಿಖಿತ ಪರೀಕ್ಷೆ ಬಿಟ್ಟರೆ ಉಳಿದದ್ದೆಲ್ಲಾ ಮೇಲಿನವನ ಕಣ್ಣಳತೆ.

ಸಂವಿಧಾನ ಬರೆದವರಿಗೆ, ತಿದ್ದಿದವರಿಗೆ ಇದರ ಅರಿವಿತ್ತು. 2000ದ 82ನೇ ತಿದ್ದುಪಡಿ 335ನೇ ವಿಧಿಗೆ ಒಂದು ಮಾತು ಸೇರಿಸಿತು: ಬಡ್ತಿಯಲ್ಲಿ ಪರಿಶಿಷ್ಟರಿಗೆ ಅರ್ಹತಾ ಅಂಕವನ್ನು, ಮೌಲ್ಯಮಾಪನದ ಮಟ್ಟವನ್ನು ಸಡಿಲಿಸಲು ಆ ವಿಧಿ ಅಡ್ಡಿಯಲ್ಲ. ಮೌಲ್ಯಮಾಪನದ ಮಟ್ಟ ಆಕಾಶದಿಂದ ಬಿದ್ದದ್ದಲ್ಲ, ಮನುಷ್ಯರು ಮಾಡಿದ್ದು ಅಂತ ಸಂವಿಧಾನವೇ ಒಪ್ಪಿದಂತಾಯಿತು.

'ನಿಮ್ಮವರು ಬಂದರೆ ಕೆಲಸ ಕೆಡುತ್ತದೆ' ಅಂತ ಕಾಲೇಜಿನಲ್ಲೇ ನಿಮಗೆ ಹೇಳಿರ್ತಾರೆ. ಅಂಥವರಿಗೆ ಒಂದು ಉತ್ತರ ಇಟ್ಟುಕೊಳ್ಳಿ. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ಎಂಬ ಅರ್ಥಶಾಸ್ತ್ರಜ್ಞರು ಭಾರತೀಯ ರೈಲ್ವೆಯ 1980ರಿಂದ 2002ರವರೆಗಿನ ಲೆಕ್ಕ ತೆಗೆದು ನೋಡಿದರು. ಪರಿಶಿಷ್ಟ ನೌಕರರ ಪಾಲು ಹೆಚ್ಚಾದ ಕಡೆ ಉತ್ಪಾದಕತೆ ಕುಸಿದಿದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಮೇಲಿನ ದರ್ಜೆಗಳಲ್ಲಿ ಕೆಲವು ಕಡೆ ಹೆಚ್ಚಿದ್ದೇ ಕಂಡಿತು. 2014ರಲ್ಲಿ ಅದು ಅಚ್ಚಾಯಿತು. ರೈಲು ಓಡುತ್ತಲೇ ಇತ್ತು. ಕೆಟ್ಟು ನಿಂತದ್ದು ನಮ್ಮನ್ನು ಅಳೆಯುವವರ ಕಣ್ಣು.

ಏನನ್ನು ಅಳೆಯುತ್ತಾರೆ?

ಸೊರಬದ ಒಂದು ಶಾಖೆ ಅಂತ ಇಟ್ಟುಕೊಳ್ಳಿ. ಕೌಂಟರಿನಲ್ಲಿ ನಮ್ಮ ಹುಡುಗಿ. ಎದುರಿಗೆ ಸಾಲು. ಉದ್ಯೋಗ ಖಾತ್ರಿ ಕೂಲಿ ಬಂತಾ ಅಂತ ಕೇಳಲು ಬಂದ ಅಜ್ಜಿ. ಸಹಿ ಬಾರದು, ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಯದು, ಕಳೆ ಕಿತ್ತು ಕಿತ್ತು ಬೆರಳ ಗೆರೆಯೇ ಸವೆದಿದೆ. ಸ್ತ್ರೀಶಕ್ತಿ ಸಂಘದ ಹೆಂಗಸರು. ಅಂಬೇಡ್ಕರ್ ನಿಗಮದ ಸಾಲದ ಕಾಗದ ಹಿಡಿದು ಮೂರನೇ ಸಾರಿ ಬಂದ ಹುಡುಗ. ಇವರಿಗೆಲ್ಲಾ 'ಬಾರಮ್ಮಾ, ಕೂತ್ಕೋ' ಅಂತ ಹೇಳಿ, ಫಾರಂ ತುಂಬಿ ಕೊಟ್ಟು ಕಳಿಸುವಷ್ಟರಲ್ಲಿ ಮಧ್ಯಾಹ್ನ. ಪಕ್ಕದ ಮೇಜಿನವನು ಅಷ್ಟರಲ್ಲಿ ಅಡಿಕೆ ಮಂಡಿಯ ತನ್ನ ಪರಿಚಯದವರಿಗೆ ನಾಲ್ಕು ವಿಮೆ ಪಾಲಿಸಿ ಮಾರಿದ್ದಾನೆ. ವರ್ಷದ ಕೊನೆಗೆ ಹಾಳೆಯಲ್ಲಿ ಯಾವುದಕ್ಕೆ ಅಂಕ? ಪಾಲಿಸಿಗೆ ಸಂಖ್ಯೆ ಉಂಟು. ಅಜ್ಜಿಗೆ ಕೊಟ್ಟ ಅರ್ಧ ಗಂಟೆಗೆ ಯಾವ ಕಾಲಂ ಉಂಟು?

ಇಲ್ಲಿ ಜಾತಿ ಸದ್ದಿಲ್ಲದೆ ಕೂತಿದೆ. ಟಾರ್ಗೆಟ್ ಎಲ್ಲರಿಗೂ ಒಂದೇ ಅಂತಾರೆ. ಆದರೆ ಪಾಲಿಸಿ ಮಾರಬೇಕಾದರೆ ದುಡ್ಡಿರುವ ಮಾವ, ಭಾವ, ಬೀಗರು ಬೇಕು. ನಮ್ಮ ಹುಡುಗಿಯ ಮಾವ ಕೂಲಿಗೆ ಹೋಗ್ತಾನೆ. ಅವನಿಗೆ ಯಾವ ಪಾಲಿಸಿ ಮಾರೋಣ? ಸಮ ಟಾರ್ಗೆಟ್ ಎಂಬ ದೊಡ್ಡ ಕೊಳಗ ಇದೇ.

ಹೀಗೆ ಮಾರುವುದರಿಂದ ಜನಕ್ಕೂ ಒಳ್ಳೆಯದಾಗಿಲ್ಲ. ಬ್ಯಾಂಕುಗಳು ಬೇಡದ ವಿಮೆಯನ್ನು ಗಿರಾಕಿಯ ತಲೆಗೆ ಕಟ್ಟಿದರೆ ಅವನ ಸಾಲದ ಹೊರೆ ಏರುತ್ತದೆ ಅಂತ 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ನರೇ ಹೇಳಬೇಕಾಯಿತು. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಕೇಳಿ. ಪ್ರತಿ ಗಿರಾಕಿಗೂ ಇಷ್ಟು ಖಾತೆ ತೆರೆಸಲೇಬೇಕು ಎಂಬ ಒತ್ತಡ. ನೌಕರರು ಗಿರಾಕಿಗೆ ಗೊತ್ತಿಲ್ಲದೆ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ಹೊರಬಿದ್ದಾಗ ಇಂಥ ಖಾತೆಗಳು ಸುಮಾರು 20 ಲಕ್ಷ ಇರಬಹುದೆಂದರು. 18.5 ಕೋಟಿ ಡಾಲರ್ ದಂಡ. ಕೆಲಸ ಕಳೆದುಕೊಂಡವರು ಸುಮಾರು 5,300 ನೌಕರರು. ಅದೇ ವರ್ಷ, ಅದೇ ತಿಂಗಳು ನಮ್ಮ ದೇಶದಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಬರೆಯಿತು: ಜನಧನದ ಶೂನ್ಯ ಖಾತೆಗಳ ಸಂಖ್ಯೆ ಕಡಿಮೆ ತೋರಿಸಲು ಕೆಲವು ಬ್ಯಾಂಕ್ ಸಿಬ್ಬಂದಿಯೇ ಬಡವರ ಖಾತೆಗೆ ಒಂದೊಂದು ರೂಪಾಯಿ ಹಾಕಿದ್ದಾರೆ. ಬಡವನ ಬಡತನ ಹೋಗಲಿಲ್ಲ, ಲೆಕ್ಕದಲ್ಲಿ ಸೊನ್ನೆ ಹೋಯಿತು. ಮೇಲಿನವರು ಸಂಖ್ಯೆ ಕೇಳಿದರೆ ಕೆಳಗಿನವರು ಸಂಖ್ಯೆಯನ್ನೇ ಕೊಡುತ್ತಾರೆ.

ಬಿಟ್ಟು ಹೋಗುವವರು

ಇಂಥ ಕಡೆ ಮನುಷ್ಯ ಎಷ್ಟು ದಿನ ನಿಂತಾನು? ಖಾಸಗಿ ಬ್ಯಾಂಕುಗಳ ಲೆಕ್ಕ ರಿಸರ್ವ್ ಬ್ಯಾಂಕೇ ಕೊಟ್ಟಿದೆ. 2024ರ ಡಿಸೆಂಬರಿನ ಅದರ ವರದಿ ಪ್ರಕಾರ ಕೆಲವು ಖಾಸಗಿ ಬ್ಯಾಂಕು ಮತ್ತು ಸಣ್ಣ ಹಣಕಾಸು ಬ್ಯಾಂಕುಗಳಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ 25 ಜನ ಬಿಟ್ಟು ಹೋಗುತ್ತಿದ್ದಾರೆ. ನಾಲ್ಕರಲ್ಲಿ ಒಬ್ಬ! ಇದರಿಂದ ಬ್ಯಾಂಕಿನ ವ್ಯವಹಾರಕ್ಕೇ ಅಪಾಯ ಅಂತ ರಿಸರ್ವ್ ಬ್ಯಾಂಕು ಎಚ್ಚರಿಸಿತು. ಎಲ್ಲರೂ ವರದಿಗೆ ಹೆದರಿ ಬಿಟ್ಟರು ಅಂತ ನಾನು ಹೇಳುವುದಿಲ್ಲ. ಹೆಚ್ಚು ಸಂಬಳಕ್ಕೆ ಹೋದವರಿದ್ದಾರೆ. ಆದರೆ ದಿನಾ ಬೆಳಿಗ್ಗೆ ಫೋನಿನಲ್ಲಿ 'ಟಾರ್ಗೆಟ್ ಎಷ್ಟಾಯ್ತು' ಅಂತ ಬೈಸಿಕೊಳ್ಳುವವನಿಗೆ ಬೇರೆ ಬಾಗಿಲು ಕಂಡರೆ ಯಾಕೆ ನಿಲ್ಲುತ್ತಾನೆ?

ಸರ್ಕಾರಿ ಬ್ಯಾಂಕಿನಲ್ಲಿ ಕಥೆ ಬೇರೆ ಥರ. ನಮ್ಮವರು ರಾಜೀನಾಮೆ ಕೊಡುವುದು ಅಪರೂಪ. ಮನೆಯಲ್ಲಿ ಹತ್ತು ಬಾಯಿ ಆ ಸಂಬಳ ನೋಡ್ತಿರ್ತವೆ. ಅವರು ಕುರ್ಚಿಯಲ್ಲಿ ಕೂತೇ ಬಿಟ್ಟು ಹೋಗುತ್ತಾರೆ. ಬಡ್ತಿ ಪರೀಕ್ಷೆಗೆ ಅರ್ಜಿ ಹಾಕುವುದಿಲ್ಲ. ಸಭೆಯಲ್ಲಿ ಬಾಯಿ ಬಿಡುವುದಿಲ್ಲ. 'ನಮ್ಮ ಹಣೇಬರ ಇಷ್ಟೇ' ಅಂತ ಪೆನ್ಷನ್ನಿನ ದಿನ ಎಣಿಸುತ್ತಾರೆ. ಇದು ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸಮಾಜದ ನಷ್ಟದ ಲೆಕ್ಕಕ್ಕೆ ಬರಬೇಕು. ಯಾಕಂದರೆ ಶಿಕಾರಿಪುರದ ಶಾಖೆಯಲ್ಲಿ ಕೇರಿಯ ಕಷ್ಟ ಗೊತ್ತಿರುವ ಅಧಿಕಾರಿ ಒಬ್ಬ ಉತ್ಸಾಹ ಕಳೆದುಕೊಂಡರೆ ಸಾಲದ ಅರ್ಜಿ ಹಿಡಿದು ನಿಂತ ಹತ್ತು ಜನರಿಗೆ ಬಾಗಿಲು ಮುಚ್ಚಿದ ಹಾಗೆ. 2016ರ ಏಪ್ರಿಲಿನಲ್ಲಿ ಶುರುವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ ಪ್ರತಿ ಶಾಖೆಯೂ ಕನಿಷ್ಠ ಒಬ್ಬ ಪರಿಶಿಷ್ಟರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂದಿತ್ತು. ದಿಲ್ಲಿಯಲ್ಲಿ ಬರೆದ ಆ ಮಾತು ಸೊರಬದಲ್ಲಿ ನಿಜವಾಗಬೇಕಾದರೆ ಕೌಂಟರಿನ ಆಚೆ ಮನಸ್ಸಿರುವವರು ಇರಬೇಕು, ಇದ್ದು ನಿಲ್ಲಬೇಕು.

ವರದಿ ಬರೆಯುವವನು ದೂರ ಹೋದಷ್ಟೂ ಕಷ್ಟ. ನಮ್ಮ ಜಿಲ್ಲೆಯ ಗ್ರಾಮೀಣ ಬ್ಯಾಂಕನ್ನೇ ನೋಡಿ. ಮೊದಲು ಶಿವಮೊಗ್ಗದ ಸಹ್ಯಾದ್ರಿ ಗ್ರಾಮೀಣ ಬ್ಯಾಂಕು. 2005ರಲ್ಲಿ ಅದು ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಿಂದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ದೊಡ್ಡದಾದದ್ದಕ್ಕೆ ಲಾಭ ಇರಬಹುದು. ಆದರೆ ಕೊನೆಯ ಅಂಕ ಹಾಕುವವನಿಗೆ ಆನವಟ್ಟಿ ಯಾವುದು, ಜಡೆ ಯಾವುದು, ಅಲ್ಲಿ ಮಳೆಗಾಲದಲ್ಲಿ ವಸೂಲಿಗೆ ಹೋಗುವುದು ಅಂದರೆ ಏನು ಅಂತ ಗೊತ್ತಿರಬೇಕಲ್ಲ?

ಹಾಗಾದರೆ ಏನು ಬೇಕು?

'ವರದಿಯೇ ಬೇಡ, ಬರೀ ಸೀನಿಯಾರಿಟಿ ಮೇಲೆ ಬಡ್ತಿ ಕೊಡಲಿ' ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಹುಡುಗರು ಕೂಲಿ ಮಾಡಿ, ಓದು ಬಿಟ್ಟು, ಮತ್ತೆ ಹಿಡಿದು ನೌಕರಿಗೆ ಸೇರುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ಬರೀ ಸೀನಿಯಾರಿಟಿ ಆದರೆ ಇಪ್ಪತ್ತೊಂದಕ್ಕೆ ಸೇರಿದವನು ಮೇಲೆ ಕೂತಿರುತ್ತಾನೆ, ನಮ್ಮವನು ನಡುಮೆಟ್ಟಿಲಲ್ಲೇ ನಿವೃತ್ತ. ಅಳತೆ ಬೇಕು. ಕಾಣುವ ಅಳತೆ ಬೇಕು.

ಇದು ನಮ್ಮ ಹಟದ ಮಾತಷ್ಟೇ ಅಲ್ಲ. ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಪಂಡಿತ 1986ರಲ್ಲಿ ನೌಕರರನ್ನು ಕೇಳಿ ತಿಳಿದದ್ದು ಇದು: ಬಂದ ಅಂಕ ಮಾತ್ರವಲ್ಲ, ಅಳೆದ ರೀತಿಯೂ ನ್ಯಾಯದ ಅನಿಸಿಕೆಯನ್ನು ತೀರ್ಮಾನ ಮಾಡುತ್ತದೆ. ಮೊದಲು ನನ್ನನ್ನು ಕೇಳಿದರಾ, ಕೂತು ಮಾತಾಡಿದರಾ, ತಕರಾರಿಗೆ ಅವಕಾಶ ಇತ್ತಾ, ಬರೆದವನಿಗೆ ನನ್ನ ಕೆಲಸ ಗೊತ್ತಿತ್ತಾ, ಎಲ್ಲರಿಗೂ ಒಂದೇ ನಿಯಮವಾ. ಈ ಐದು. ಇನ್ನಿಬ್ಬರು, ಕ್ಲೂಗರ್ ಮತ್ತು ಡಿನಿಸಿ, 1996ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲಾ ಒಟ್ಟು ಹಾಕಿ 607 ಫಲಿತಾಂಶ ತೂಗಿದರು. 'ನಿನ್ನ ಕೆಲಸ ಹೀಗಿದೆ' ಅಂತ ಹೇಳಿದ್ದರಿಂದ ಮೂರರಲ್ಲಿ ಒಂದಕ್ಕೂ ಹೆಚ್ಚು ಕಡೆ ಕೆಲಸ ಇನ್ನೂ ಕೆಟ್ಟಿತ್ತು! ಹೇಳುವ ರೀತಿ ಕೆಟ್ಟರೆ ಹೇಳಿಕೆಯೇ ವಿಷ. ನೌಕರರನ್ನು ಸಾಲಾಗಿ ನಿಲ್ಲಿಸಿ ಇಷ್ಟು ಜನ ಕಳಪೆ ಅಂತ ಬರೆಯಲೇಬೇಕೆಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ ಕಂಪನಿ 2013ರಲ್ಲಿ ಕೈಬಿಟ್ಟಿತು. ಲಾಭಕೋರರೇ ಬಿಟ್ಟ ಚಾಟಿಯನ್ನು ನಮ್ಮ ಬ್ಯಾಂಕುಗಳು ಯಾಕೆ ಎತ್ತಿಕೊಳ್ಳಬೇಕು?

ನೌಕರ ಸಂಘಗಳೂ ಈ ಜಗಳದಲ್ಲಿವೆ. 2020ರ ನವೆಂಬರಿನ 11ನೇ ದ್ವಿಪಕ್ಷೀಯ ಒಪ್ಪಂದದಲ್ಲಿ ಒಂದು ಪದ್ಧತಿ ಬಂತು: ಇಡೀ ಬ್ಯಾಂಕಿನ ಲಾಭ ಏರಿದರೆ ಎಲ್ಲರಿಗೂ 5, 10 ಅಥವಾ 15 ದಿನದ ಸಂಬಳ ಹೆಚ್ಚುವರಿ. ಗುಡಿಸುವವನಿಂದ ಹಿಡಿದು ಅಧಿಕಾರಿವರೆಗೆ ಲೆಕ್ಕ ಒಂದೇ. 2024ರ ನವೆಂಬರಿನಲ್ಲಿ ಕೇಂದ್ರ ಹಣಕಾಸು ಸೇವಾ ಇಲಾಖೆ ಸ್ಕೇಲ್ 4 ಮತ್ತು ಮೇಲಿನ ಅಧಿಕಾರಿಗಳಿಗೆ ಬೇರೆ ಪ್ರೋತ್ಸಾಹಧನದ ಯೋಜನೆ ತಂದಿತು. ಇದು ನೌಕರರನ್ನು ಒಡೆಯುತ್ತದೆ ಅಂತ ಒಂಬತ್ತು ಸಂಘಗಳ ಸಂಯುಕ್ತ ವೇದಿಕೆ ವಿರೋಧಿಸಿತು. 2025ರ ಮಾರ್ಚ್ 24, 25ಕ್ಕೆ ಮುಷ್ಕರ ಕರೆದಾಗ ಈ ಆದೇಶವನ್ನೂ, ಕಾರ್ಯಕ್ಷಮತೆ ಪರಿಶೀಲನೆಯ ಆದೇಶವನ್ನೂ ವಾಪಸ್ ತೆಗೆಯಿರಿ ಎಂಬುದು ಬೇಡಿಕೆಗಳಲ್ಲಿ ಸೇರಿತ್ತು. ಮಾತುಕತೆಯ ನಂತರ ಮುಷ್ಕರ ಮುಂದಕ್ಕೆ ಹೋಯಿತು. ಸಂಘಗಳ ವಿರೋಧ ಸರಿ. ನಾವು ಅವರಿಗೆ ಒಂದು ಮಾತು ಸೇರಿಸಿ ಹೇಳಬೇಕು: ಕೇರಿಯ ಜನಕ್ಕೆ ಮಾಡಿದ ಕೆಲಸಕ್ಕೂ ಹಾಳೆಯಲ್ಲಿ ಕಾಲಂ ಕೇಳಿ. ಸಣ್ಣ ಸಾಲ, ಹೆಬ್ಬೆಟ್ಟಿನ ಖಾತೆ, ನಿಗಮದ ಅರ್ಜಿ, ಇವಕ್ಕೂ ಅಂಕ ಬರಲಿ. ಯಾವ ಜಾತಿಯ ನೌಕರನೇ ಆಗಲಿ, ಬಡವನಿಗೆ ಕೊಟ್ಟ ಹೊತ್ತು ಅವನಿಗೆ ನಷ್ಟವಾಗಬಾರದು.

ನಾಳೆ ನೌಕರಿಗೆ ಸೇರುವ ನಿಮಗೆ ನಾಲ್ಕು ಮಾತು. ಒಂದು, ನಿಮ್ಮ ವರದಿಯ ಪ್ರತಿಯನ್ನು ಪ್ರತಿ ವರ್ಷ ಕೇಳಿ ಪಡೆಯಿರಿ. 'ನಿಂದು ಚೆನ್ನಾಗೇ ಐತಿ ಬಿಡು' ಅಂದರೆ ಸುಮ್ಮನಾಗಬೇಡಿ. ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ, 2005ರ ಮಾಹಿತಿ ಹಕ್ಕು ಕಾಯ್ದೆಯೂ ಇದೆ. ಎರಡು, ಸ್ವಂತ ಕೆಲಸದ ಬಗ್ಗೆ ನೀವೇ ಬರೆಯುವ ಭಾಗವನ್ನು ಸಂಕೋಚಪಟ್ಟು ಎರಡು ಸಾಲಿಗೆ ಮುಗಿಸಬೇಡಿ. ತಿಂಗಳು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಏನೇನು ಮಾಡಿದಿರಿ ಬರೆದಿಡಿ. ಹೊಗಳಿಕೊಳ್ಳಬಾರದು ಅಂತ ನಮಗೆ ಕಲಿಸಿದವರು ತಮ್ಮನ್ನು ತಾವು ಹೊಗಳಿಕೊಳ್ಳುವುದನ್ನು ಎಂದೂ ಬಿಟ್ಟಿಲ್ಲ. ಮೂರು, ಅಂಕ ಕಡಿಮೆ ಬಂದರೆ ವಾಯಿದೆಯೊಳಗೆ ಆಕ್ಷೇಪಣೆ ಸಲ್ಲಿಸಿ. ಕೇಂದ್ರ ಸರ್ಕಾರಿ ನೌಕರರಿಗೆ 2009ರ ಮೇ ಆದೇಶದಲ್ಲಿ 15 ದಿನ ಕೊಟ್ಟಿದ್ದಾರೆ. ನಿಮ್ಮ ಬ್ಯಾಂಕಿನ ನಿಯಮದಲ್ಲಿ ಎಷ್ಟು ದಿನ ಅಂತ ಸೇರಿದ ವಾರವೇ ತಿಳಿದುಕೊಳ್ಳಿ. ನಾಲ್ಕು, ಒಬ್ಬರೇ ಹೋಗಬೇಡಿ. ಸರ್ಕಾರಿ ಬ್ಯಾಂಕಿನಲ್ಲಿ ಪರಿಶಿಷ್ಟರ ವಿಷಯ ನೋಡಲೆಂದೇ ಸಂಪರ್ಕಾಧಿಕಾರಿ ಇರುತ್ತಾರೆ, ನೌಕರ ಸಂಘ ಇರುತ್ತದೆ, ಅದಕ್ಕೂ ಆಗದಿದ್ದರೆ ಸಂವಿಧಾನದ 338ನೇ ವಿಧಿಯ ಪರಿಶಿಷ್ಟ ಜಾತಿಗಳ ಆಯೋಗ ಇದೆ.

ಇನ್ನೊಂದು. ನಮ್ಮಲ್ಲೇ ಕೆಲವರು ನಾಳೆ ಮ್ಯಾನೇಜರಾಗುತ್ತೀರಿ. ಆಗ ವರದಿ ಬರೆಯುವ ಪೆನ್ನು ನಿಮ್ಮ ಕೈಗೆ ಬರುತ್ತದೆ. ಕೆಳಗೆ ಕೂತ ಗುಮಾಸ್ತನನ್ನು ಕರೆದು, ಎದುರು ಕುರ್ಚಿಯಲ್ಲಿ ಕೂರಿಸಿ, 'ನಿನ್ನ ಬಗ್ಗೆ ಹೀಗೆ ಬರೀತಿದೀನಿ, ಏನಂತೀಯಾ?' ಅಂತ ಕೇಳಿ. ಅಷ್ಟು ಮಾಡಿದರೆ ಆ ಶಾಖೆಯಲ್ಲಿ ಜನ ನಿಲ್ಲುತ್ತಾರೆ. ಅದನ್ನು ಮಾಡದೆ ಹಳೇ ಧಣಿಯ ಕೊಳಗವನ್ನೇ ಹಿಡಿದು ಅಳೆದರೆ, ನೀವು ಆ ಕುರ್ಚಿಗೆ ಬಂದು ಕೇರಿಗೆ ಏನು ಬಂತು?